ಮಂಗಳವಾರದ ಕ್ಲಿನಿಕ್

ಮಾರ್ಚ್ ೨, ಭಾನುವಾರ

ಪುಟ್ಟೀ,

ನಿನ್ನ ಎರಡು ಕಾಗದಗಳು ಊಟದ ಮೇಜಿನ ಮೇಲೆ ಕೂತು ನನ್ನನ್ನೇ ದುರುಗುಟ್ಟಿ ನೋಡುತ್ತಿವೆ. ಮೊದಲನೆಯದು ಬಂದು ನಲವತ್ತು ದಿನದ ಮೇಲಾಯಿತು. ಎರಡನೆಯದರಲ್ಲಿ ನೀನು "ಅಮ್ಮಾ, ಬಲಗೈ ಮುರಿದಿದೆಯಾ, ಇಲ್ಲಾ ಮಗಳನ್ನೇ ಮರೆತೆಯಾ?" ಎಂದು ಕೇಳಿದ್ದೀಯ. ಕೈ ನೆಟ್ಟಗಿದೆ ಕಂದ. ಮರೆಯುವುದಕ್ಕೆ ಇನ್ನೆಷ್ಟು ಮಕ್ಕಳಿದ್ದಾರೆ ನನಗೆ? ಬರೆಯಲು ಕೂತಾಗಲೆಲ್ಲ ಒಂದು ಸಾಲು ಬರೆದು, ಹೊಡೆದುಹಾಕಿ, ಎದ್ದು ಹೋಗಿ ಪಾತ್ರೆ ತೊಳೆದಿದ್ದೇನೆ. ನಮ್ಮ ಮನೆಯ ಪಾತ್ರೆಗಳು ಈಗ ಹೊಳೆಯುವಷ್ಟು ಯಾವತ್ತೂ ಹೊಳೆದಿರಲಿಲ್ಲ. ಕೋಪ ಮಾಡಿಕೊಳ್ಳಬೇಡ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ಫೋನು ಕಿವಿಗೆ ಇಟ್ಟ ಕೂಡಲೆ ನನಗೆ "ಊಟ ಆಯ್ತಾ", "ಹುಷಾರು" ಇವೆರಡು ಬಿಟ್ಟು ಮೂರನೆಯ ಮಾತು ಹೊಳೆಯುವುದಿಲ್ಲ, ನಿನಗೇ ಗೊತ್ತು. ನೀನು ಕಾಗದದಲ್ಲಿ ಕೇಳಿದೆ, ನಾನೂ ಕಾಗದದಲ್ಲೇ ಹೇಳುತ್ತೇನೆ.

ಮನೆ ಇದ್ದ ಹಾಗೇ ಇದೆ. ಅಡುಗೆಮನೆಯ ನಲ್ಲಿ ಸೋರುವುದನ್ನು ನಿಲ್ಲಿಸಲು ಬಂದವನು ಅದನ್ನು ಇನ್ನೂ ಚೆನ್ನಾಗಿ ಸೋರುವಂತೆ ಮಾಡಿ ಹೋಗಿದ್ದಾನೆ. ನಿನ್ನ ಕೋಣೆಯ ಕಿಟಕಿಯನ್ನು ದಿನಾ ಸ್ವಲ್ಪ ಹೊತ್ತು ತೆಗೆದಿಡುತ್ತೇನೆ, ಇಲ್ಲದಿದ್ದರೆ ಮುಗ್ಗಲು ವಾಸನೆ. ಬೆಳಿಗ್ಗೆ ರೇಡಿಯೋ ಹಾಕುತ್ತೇನೆ. ವಾರ್ತೆ ಓದುವವನು "ನಮಸ್ಕಾರ" ಅಂದರೆ ನಾನೂ ನಮಸ್ಕಾರ ಅನ್ನುತ್ತೇನೆ. ನಗಬೇಡ. ಕೆಲವು ದಿನ ಸಂಜೆಯವರೆಗೂ ಅದೊಂದೇ ಮಾತು ನನ್ನ ಬಾಯಿಂದ ಬಂದಿರುತ್ತದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ನಿನ್ನ ವಾರ್ಡಿನ ಹಿರಿಯ ಸಿಸ್ಟರ್ ಒಂದೇ ಸಲೈನ್ ಬಾಟಲಿಯಿಂದ, ಒಂದೇ ಸಿರಿಂಜಿನಲ್ಲಿ ಎಳೆದು ಎಳೆದು ನಾಲ್ಕಾರು ರೋಗಿಗಳ ಕೈಗೆ ಹಾಕಿದ ನಳಿಕೆಗೆ ಬಿಡುತ್ತಾರೆ ಎಂದು ಬರೆದಿದ್ದೀಯ. ನೀನು ಸೇರಿದ ಮೊದಲ ವಾರ ಅತ್ತುಕೊಂಡು ಕೂತಾಗ ಚಹಾ ತಂದುಕೊಟ್ಟವರು ಅವರೇ, ಕೆಲಸ ಕಲಿಸಿದವರೂ ಅವರೇ ಎಂದೂ ಬರೆದಿದ್ದೀಯ. "ಹೇಳಲಾ, ಬೇಡವಾ? ನೀನಾಗಿದ್ದರೆ ಏನು ಮಾಡುತ್ತಿದ್ದೆ?" ಇಂಥ ಪ್ರಶ್ನೆಗೆ ಬಂದ ದಿನವೇ ಉತ್ತರ ಕೊಡಬೇಕಿತ್ತು. ನಾನು ತಡಮಾಡಿದ ಒಂದೊಂದು ದಿನವೂ ಆ ವಾರ್ಡಿನಲ್ಲಿ ಯಾರಿಗೋ ಆ ಸಿರಿಂಜು ತಾಗಿರುತ್ತದೆ. ಅದು ಗೊತ್ತಿದ್ದೂ ಬರೆಯಲಾಗಲಿಲ್ಲ, ಯಾಕೆಂದರೆ ಅದೇ ಹೊತ್ತಿಗೆ ನನ್ನ ಎದುರಿಗೂ ಅದೇ ಪ್ರಶ್ನೆ ಬಂದು ನಿಂತಿತ್ತು. ನಡೆದದ್ದನ್ನು ಹೇಳುತ್ತೇನೆ. ಓದಿ ನೀನೇ ಯೋಚಿಸು.

ಮಾರುಕಟ್ಟೆ ರಸ್ತೆಯ ದರ್ಜಿ ತಾತ ನೆನಪಿದ್ದಾರಲ್ಲ, ನೀನು ಐದನೇ ಕ್ಲಾಸಿನಲ್ಲಿದ್ದಾಗ ಸಮವಸ್ತ್ರದ ಒಂದು ತೋಳು ಉದ್ದ, ಒಂದು ತೋಳು ಗಿಡ್ಡ ಹೊಲಿದುಕೊಟ್ಟು "ಬೆಳೆಯೋ ಮಗು, ಒಂದು ಕೈ ಮೊದಲು ಬೆಳೆಯುತ್ತೆ" ಎಂದವರು. ಹದಿನಾಲ್ಕು ವರ್ಷದಿಂದ ಅವರಿಗೆ ಸಕ್ಕರೆ ಕಾಯಿಲೆ. ಪ್ರತಿ ಮಂಗಳವಾರ ಹಳೇ ಬಸ್ ನಿಲ್ದಾಣದ ಹಿಂದಿರುವ ಆರೋಗ್ಯ ಕೇಂದ್ರಕ್ಕೆ ಬಂದು, ಬೆರಳು ಚುಚ್ಚಿಸಿಕೊಂಡು, ಮಾತ್ರೆ ತೆಗೆದುಕೊಂಡು ಹೋಗುವವರು. "ಜೀವಮಾನ ಪೂರ್ತಿ ನಾನು ಊರಿನವರ ಬಟ್ಟೆಗೆ ಸೂಜಿ ಚುಚ್ಚಿದೆ, ಈಗ ಎಲ್ಲಾ ಸೇರಿ ನನಗೆ ವಾಪಸ್ ಚುಚ್ತಿದಾರೆ" ಎಂದು ವಾರವಾರವೂ ಹೇಳುತ್ತಿದ್ದರು, ವಾರವಾರವೂ ಅಲ್ಲಿದ್ದವರೆಲ್ಲ ನಗುತ್ತಿದ್ದರು. ಆ ಕೇಂದ್ರದ ನರ್ಸು ಯಾರು ಎಂದು ನಿನಗೆ ಹೇಳಬೇಕಿಲ್ಲ. ನನ್ನ ಒಡಹುಟ್ಟಿದವಳಲ್ಲದಿದ್ದರೂ ನಿನಗೆ ಗುಂಡು ಚಿಕ್ಕಮ್ಮ. ಆ ಹೆಸರು ಇಟ್ಟದ್ದು ನೀನೇ, ನಾಲ್ಕು ವರ್ಷದವಳಿದ್ದಾಗ. ಅವಳ ಮಡಿಲಲ್ಲಿ ಕೂತು, ಅವಳ ಹೊಟ್ಟೆ ತಟ್ಟಿ ತಟ್ಟಿ.

ಡಿಸೆಂಬರಿನಲ್ಲಿ ದರ್ಜಿ ತಾತನ ಕಣ್ಣು ಹಳದಿಯಾಯಿತು. ಕಾಮಾಲೆ. ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಎಂದು ಬಂತು. ರಕ್ತದಿಂದ ರಕ್ತಕ್ಕೆ ದಾಟುವ ಕಾಯಿಲೆ, ಎಪ್ಪತ್ತು ದಾಟಿದ ದರ್ಜಿಗೆ ಎಲ್ಲಿಂದ ಬರಬೇಕು? ಹತ್ತು ದಿನ ಕಳೆಯುವಷ್ಟರಲ್ಲಿ ಒಬ್ಬ ಬಸ್ ಡ್ರೈವರಿಗೆ, ಆಮೇಲೆ ತರಕಾರಿ ಮಾರುವ ಹೆಂಗಸಿಗೆ, ಆಮೇಲೆ ನಿವೃತ್ತಿಯಾದ ಗಣಿತದ ಟೀಚರಿಗೆ. ಈ ಪ್ರಾಂತ್ಯದ ಹನ್ನೊಂದು ಕೇಂದ್ರಗಳಲ್ಲಿ ಶುಗರ್, ಬಿಪಿ ಕ್ಲಿನಿಕ್ಕುಗಳು ಸರಿಯಾಗಿ ನಡೆಯುತ್ತಿವೆಯಾ, ಒಬ್ಬರ ಸೋಂಕು ಇನ್ನೊಬ್ಬರಿಗೆ ತಾಗುತ್ತಿಲ್ಲವಾ ಎಂದು ನೋಡುವುದೇ ನಿನ್ನ ಅಮ್ಮನ ಕೆಲಸವಲ್ಲವಾ? ಹಾಗಾಗಿ ನಾಲ್ಕು ಹೆಸರಿನ ಚೀಟಿ ನನ್ನ ಮೇಜಿಗೇ ಬಂತು.

ಮನೆಮನೆಗೂ ಹೋದೆ. ಎಲ್ಲಿ ಕ್ಷೌರ ಮಾಡಿಸುತ್ತೀರಿ, ಹಲ್ಲು ಕೀಳಿಸಿದ್ದೀರಾ, ಬೇರೆ ಎಲ್ಲಾದರೂ ಇಂಜೆಕ್ಷನ್ ತೆಗೆದುಕೊಂಡಿರಾ? ಕ್ಷೌರದಂಗಡಿಗೆ ಎರಡು ಸಲ ಹೋಗಿ ಬ್ಲೇಡುಗಳನ್ನು ನೋಡಿದೆ. ಮೂರನೆಯ ಸಲ ಅವನು ನನ್ನನ್ನು ದೂರದಿಂದ ಕಂಡವನೇ ಅರ್ಧ ಗಡ್ಡ ಬೋಳಿಸಿದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಹಿಂದಿನ ಬಾಗಿಲಿಂದ ಮಾಯವಾದ. ಕೊನೆಗೆ ಗಣಿತದ ಟೀಚರ ಮನೆ. ಅವರು ಮಂಚದ ಮೇಲೆ ಒರಗಿಕೊಂಡು ಹೇಳಿದರು: "ನೋಡಮ್ಮ, ನಾನು ಕ್ಷೌರಕ್ಕೆ ಹೋಗೋಳಲ್ಲ. ನನ್ನ ಹಲ್ಲು ಒಂದೂ ಅಲ್ಲಾಡಿಲ್ಲ. ಮಂಗಳವಾರ ಬೆರಳಿಗೆ ಚುಚ್ಚೋದು ಬಿಟ್ರೆ ನನಗೆ ಯಾರೂ ಏನೂ ಚುಚ್ಚಿಲ್ಲ. ಇನ್ನೇನು ಉಳೀತು, ನೀನೇ ಕಳೆದು ನೋಡು."

ಕಳೆದು ನೋಡಿದೆ. ಮೆಟ್ಟಿಲು ಇಳಿಯುತ್ತಿದ್ದವಳು ಅರ್ಧದಲ್ಲೇ ಕೂತುಬಿಟ್ಟೆ.

ಮುಂದಿನ ಮಂಗಳವಾರ ಊಟದ ಹೊತ್ತಿಗೆ ಕಾಯದೆ, ಯಾರಿಗೂ ಹೇಳದೆ ಬೆಳಿಗ್ಗೆಯೇ ಆ ಕೇಂದ್ರಕ್ಕೆ ಹೋದೆ. ಗೋಡೆಗೆ ಸೇರಿಸಿ ಹಾಕಿದ ಎರಡು ಬೆಂಚು, ಮಧ್ಯೆ ಚಿಕ್ಕ ಮೇಜು, ಮೇಜಿನ ಹಿಂದೆ ಚಿಕ್ಕಮ್ಮ. ಅರವತ್ತು ಜನಕ್ಕೆ ಒಬ್ಬಳೇ. ಒಬ್ಬೊಬ್ಬರನ್ನೂ ಮಾತಾಡಿಸುತ್ತಾ, "ಏನಜ್ಜೀ, ಸಿಹಿ ಕದ್ದು ತಿಂದ್ರಾ? ನಿಮ್ಮ ಬೆರಳು ನನಗೆ ಚಾಡಿ ಹೇಳುತ್ತೆ" ಎಂದು ನಗಿಸುತ್ತಾ ಚುಚ್ಚುತ್ತಿದ್ದಳು. ನನ್ನನ್ನು ಕಂಡು ಮುಖ ಅರಳಿತು. "ಬಾ ಅಕ್ಕ, ಕೂತ್ಕೋ, ಊಟದ ಡಬ್ಬಿ ತಂದಿದೀಯಾ?" ಎಂದಳು. ಅವಳ ಕೈಯಲ್ಲಿದ್ದದ್ದು ಒಮ್ಮೆ ಚುಚ್ಚಿ ಬಿಸಾಡುವ ಸೂಜಿಯಲ್ಲ. ಪೆನ್ನಿನಂಥದು, ಔಷಧಿ ಕಂಪನಿಯವರು ಹಂಚಿ ಹೋಗುತ್ತಾರಲ್ಲ, ಮನೆಯಲ್ಲಿ ಒಬ್ಬರೇ ಬಳಸುವುದಕ್ಕೆ ಮಾಡಿದ್ದು. ಪ್ರತಿಯೊಬ್ಬರಿಗೂ ಒಳಗಿನ ಸೂಜಿ ಬದಲಾಯಿಸುತ್ತಿದ್ದಳು, ಸ್ಪಿರಿಟ್ ಹತ್ತಿಯಿಂದ ತುದಿ ಒರೆಸುತ್ತಿದ್ದಳು. ಅಚ್ಚುಕಟ್ಟಾಗಿ. ನಾನು ಎದ್ದು ಹೋಗಿ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಮೂತಿಯ ಮುಚ್ಚಳ ತಿರುಗಿಸಿ ಬಿಚ್ಚಿದೆ. ಒಳಗಿನ ಅಂಚಿನಲ್ಲಿ ಕಂದು ಬಣ್ಣದ ಗೆರೆ. ಒಣಗಿದ ರಕ್ತ. ಯಾರದು ಎಂದು ಯಾರು ಹೇಳಬೇಕು?

"ಇದನ್ನ ಯಾವಾಗಿಂದ ಬಳಸ್ತಿದೀಯ?"

"ಸೆಪ್ಟೆಂಬರಿಂದ ಅಕ್ಕ. ಸೂಜಿ ಬದಲಾಯಿಸ್ತೀನಲ್ಲ."

"ಸೂಜಿ ಬದಲಾಯಿಸಿದ್ರೆ ಆಯ್ತಾ? ಮುಚ್ಚಳ? ಎಲ್ಲರ ಬೆರಳಿಗೂ ಒತ್ತೋದು ಇದನ್ನೇ ತಾನೆ? ಯಾರು ಹೇಳಿದ್ರು ನಿಂಗೆ ಇದನ್ನ ಬಳಸು ಅಂತ?"

ಅವಳು ನನ್ನ ಮುಖವನ್ನೇ ನೋಡಿದಳು. ಬೆಂಚಿನ ಮೇಲಿದ್ದವರೆಲ್ಲ ನಮ್ಮ ಕಡೆಗೇ ಬಗ್ಗಿದ್ದರು. "ಯಾರೂ ಇಲ್ಲ" ಎಂದು ಹೇಳಿ ಟ್ರೇ ತೆಗೆದುಕೊಂಡು ತೊಳೆಯಲು ಒಳಗೆ ಹೋದಳು.

ಆವತ್ತಿನ ಕ್ಲಿನಿಕ್ಕನ್ನು ಅಲ್ಲಿಗೇ ನಿಲ್ಲಿಸಿದೆ. ಮಧ್ಯಾಹ್ನವೇ ದೊಡ್ಡ ಡಾಕ್ಟರಿಗೆ ವರದಿ ಬರೆದುಕೊಟ್ಟೆ. ಅವಳ ಹೆಸರು ಬರೆಯುವಾಗ ಅಕ್ಷರ ಸೊಟ್ಟಗಾಯಿತು, ಇನ್ನೊಂದು ಹಾಳೆ ತೆಗೆದುಕೊಂಡೆ. ಆ ಕೇಂದ್ರಕ್ಕೆ ಬರುವ ಎಲ್ಲರ ರಕ್ತ ಪರೀಕ್ಷೆಯಾಯಿತು. ಒಂಬತ್ತು ಜನರಿಗೆ ಹೊಸದಾಗಿ ತಗುಲಿತ್ತು. ಹತ್ತನೆಯವರೊಬ್ಬರಿಗೆ ಎಷ್ಟೋ ವರ್ಷದಿಂದ ಇತ್ತು, ಅವರಿಗೇ ಗೊತ್ತಿರಲಿಲ್ಲ. ಉಳಿದವರಿಗೆಲ್ಲ ಲಸಿಕೆ ಹಾಕಿದೆವು. ಎಂಟು ಜನ ಚೇತರಿಸಿಕೊಳ್ಳುತ್ತಿದ್ದಾರೆ. ದರ್ಜಿ ತಾತ ಚೇತರಿಸಿಕೊಳ್ಳಲಿಲ್ಲ. ಲಿವರು ಪೂರ್ತಿ ಕೈಕೊಟ್ಟಿತು. ಜನವರಿ ಕೊನೆಯಲ್ಲಿ ಹೋಗಿಬಿಟ್ಟರು.

ಚಿಕ್ಕಮ್ಮನನ್ನು ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರಲು ಹೇಳಿದ್ದಾರೆ.

ಆವತ್ತಿಂದ ನನ್ನ ಜೊತೆ ಯಾರೂ ಮಾತಾಡುವುದಿಲ್ಲ ಪುಟ್ಟಿ. ಜಗಳವೇನೂ ಇಲ್ಲ. ಊಟದ ಕೋಣೆಗೆ ನಾನು ಹೋದರೆ ಎಲ್ಲರಿಗೂ ಒಟ್ಟಿಗೆ ಹಸಿವು ಮುಗಿದುಬಿಡುತ್ತದೆ. ಕೈ ತೊಳೀರಿ, ಕೈ ತೊಳೀರಿ ಎಂದು ಹಿಂದೆ ಬೀಳುತ್ತೇನೆ ಅಂತ ಮುಂಚೆ ನನ್ನನ್ನು "ಸೋಪಮ್ಮ" ಎಂದು ಕರೆಯುತ್ತಿದ್ದರು, ನನಗೂ ಕೇಳುವ ಹಾಗೆ. ಈಗ ಬೇರೆ ಏನೋ ಹೆಸರಿದೆ, ನನಗೆ ಕೇಳದ ಹಾಗೆ ಕರೆಯುತ್ತಾರೆ. ವ್ಯಾನಿನ ಡ್ರೈವರು ಮುಂಚೆ ಹತ್ತಿದಾಗಿಂದ ಇಳಿಯುವವರೆಗೆ ತನ್ನ ಭಾವಮೈದುನನನ್ನು ಬೈಯುತ್ತಿದ್ದ. ಈಗ ರಸ್ತೆ ಬಿಟ್ಟು ಆಚೀಚೆ ನೋಡುವುದಿಲ್ಲ. ಆ ಭಾವಮೈದುನ ಏನಾದನೋ ಎಂದು ಕೇಳಬೇಕು ಅನ್ನಿಸುತ್ತದೆ. ಹತ್ತೊಂಬತ್ತು ವರ್ಷ ಮಂಗಳವಾರ ಬಂತೆಂದರೆ ನಾನೂ ಅವಳೂ ಒಟ್ಟಿಗೆ ಡಬ್ಬಿ ಬಿಚ್ಚಿದ್ದೆವು. ಈಗ ಮಂಗಳವಾರ ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತು, ಔಷಧಿ ಪೆಟ್ಟಿಗೆಗಳ ಮಧ್ಯೆ ತಿನ್ನುತ್ತೇನೆ.

ನಿನ್ನ ಪ್ರಶ್ನೆಗೆ ಉತ್ತರ ಇಷ್ಟೇ. ಹೇಳು. ಮೊದಲು ಅವರಿಗೇ, ಮುಖಕ್ಕೆ ಮುಖ ಕೊಟ್ಟು, ಮರ್ಯಾದೆಯಿಂದ. ಕೇಳದಿದ್ದರೆ ಬರೆದುಕೊಡು. ಆಮೇಲೆ ಒಂಟಿಯಾಗುತ್ತೀಯ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹಾಸಿಗೆಯಲ್ಲಿ ಮಲಗಿರುವವರಿಗೆ ಆ ಬಾಟಲಿಯಲ್ಲಿ ಏನಿದೆ ಎಂದು ಗೊತ್ತಿಲ್ಲ, ನಿನಗೆ ಗೊತ್ತಿದೆ.

ಹೊತ್ತಿಗೆ ಸರಿಯಾಗಿ ತಿನ್ನು. ಒದ್ದೆ ತಲೆಯಲ್ಲಿ ಡ್ಯೂಟಿಗೆ ಓಡಬೇಡ. ನೂರು ಕಾಲ ಚೆನ್ನಾಗಿರು.

ನಿನ್ನ
ಅಮ್ಮ

*

ಏಪ್ರಿಲ್ ೨೦, ಭಾನುವಾರ

ಪುಟ್ಟೀ, ನನ್ನ ಬಂಗಾರ,

ಈ ಸಲವೂ ತಡವಾಯಿತು. ಮೂರು ವಾರ. ಹೋದ ಸಲಕ್ಕಿಂತ ವಾಸಿ ಅಲ್ಲವಾ? ಬೈಯುವುದನ್ನು ಅರ್ಧಕ್ಕೆ ಇಳಿಸು.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ನೀನು ಹೇಳಿಬಿಟ್ಟೆ. ಆ ಸಿಸ್ಟರ್ ಮೊದಲು ನಕ್ಕು, ಆಮೇಲೆ "ನಿನಗೆ ನಳಿಕೆ ಹಾಕೋದು ಕಲಿಸಿದ್ದು ಯಾರೇ?" ಎಂದು ಕೇಳಿ, ಕೊನೆಗೆ ಅತ್ತರು ಎಂದು ಬರೆದಿದ್ದೀಯ. ಮೇಟ್ರನ್ ಈಗ ಪ್ರತಿ ರೋಗಿಗೂ ಬೇರೆ ಬೇರೆ ಚಿಕ್ಕ ಸಲೈನ್ ತರಿಸುತ್ತಿದ್ದಾರೆ, ಆದರೆ ಹಾಸ್ಟೆಲಿನ ಊಟದ ಸಾಲಿನಲ್ಲಿ ನಿನ್ನ ಮುಂದಿನವಳೂ ಹಿಂದಿನವಳೂ ನಿನ್ನ ತಲೆಯ ಮೇಲಿಂದಲೇ ಮಾತಾಡಿಕೊಳ್ಳುತ್ತಾರೆ. "ಅಮ್ಮ ತಡೆದುಕೊಂಡಿದ್ದಾಳೆ, ನಾನೂ ತಡೆದುಕೊಳ್ಳುತ್ತೇನೆ. ನಿನ್ನ ಕಾಗದ ದಿಂಬಿನ ಕೆಳಗೇ ಇದೆ" ಎಂದು ಬರೆದ ಸಾಲಿನ ಹತ್ತಿರ ಪ್ರತಿ ಸಲವೂ ನಿಂತುಬಿಡುತ್ತೇನೆ. ಮುಂದಕ್ಕೆ ಹೋಗಲಾಗುವುದಿಲ್ಲ.

ವಿಚಾರಣೆ ಏನಾಯಿತು ಎಂದು ಕೇಳಿದ್ದೀಯ. ಮಾರ್ಚ್ ಕೊನೆಯ ವಾರ ಆಯಿತು. ದೊಡ್ಡ ಕಚೇರಿಯ ಮೇಲಿನ ಮಹಡಿ, ಉದ್ದ ಮೇಜು, ಮೂವರು ಡಾಕ್ಟರು. ಫ್ಯಾನು ತಿರುಗುವಾಗ ಕಾಗದಗಳು ಹಾರದಂತೆ ಒಬ್ಬರು ಮೊಣಕೈಯಿಂದ ಒತ್ತಿಕೊಂಡಿದ್ದರು. ನಾನು ಒಂದು ಕಡೆ, ಚಿಕ್ಕಮ್ಮ ಇನ್ನೊಂದು ಕಡೆ. ತುಂಬಾ ಇಳಿದುಹೋಗಿದ್ದಾಳೆ ಪುಟ್ಟಿ, ನೀನು ಇಟ್ಟ ಹೆಸರು ಈಗ ಅವಳಿಗೆ ಒಪ್ಪುವುದಿಲ್ಲ. ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿಕೊಂಡು ಬಂದಿದ್ದಳು, ಅಲ್ಲಿ ಅದು ಬೇಕಿರಲಿಲ್ಲ.

ಮೊದಲು ನನ್ನನ್ನು ಕೇಳಿದರು. ವರದಿಯಲ್ಲಿದ್ದದ್ದನ್ನೇ ಹೇಳಿದೆ. "ತುಂಬಾ ಚುರುಕಾಗಿ ಪತ್ತೆ ಹಚ್ಚಿದಿರಿ, ಇಲ್ಲದಿದ್ರೆ ಇನ್ನೂ ಎಷ್ಟು ಜನಕ್ಕೆ ಹರಡ್ತಿತ್ತೋ" ಎಂದು ಹಿರಿಯ ಡಾಕ್ಟರು ಹೊಗಳಿದರು. ಆಮೇಲೆ ಅವಳ ಕಡೆ ತಿರುಗಿದರು.

"ಬಿಸಾಡೋ ಸೂಜಿ ಮುಗಿದಿದೆ ಅಂತ ಗೊತ್ತಾದಾಗ ಬೇಕು ಅಂತ ಬರೆದುಕೊಟ್ರಾ?"

"ಇಲ್ಲ ಸರ್."

"ಬಾಯಲ್ಲಾದ್ರೂ ಯಾರಿಗಾದ್ರೂ ಹೇಳಿದ್ರಾ? ಮೇಲಿನವರಿಗೆ?"

ಅವಳು ನನ್ನ ಕಡೆ ನೋಡಲಿಲ್ಲ. ಮೇಜಿನ ಮೇಲೆ ಇಟ್ಟಿದ್ದ ತನ್ನ ಕೈಗಳನ್ನೇ ನೋಡಿಕೊಂಡಿದ್ದಳು.

"ಇಲ್ಲ ಸರ್. ಯಾರಿಗೂ ಹೇಳಲಿಲ್ಲ. ನಾನೇ ಮಾಡಿದ್ದು."

"ಅಷ್ಟು ವರ್ಷದ ಅನುಭವ ಇದ್ದೂ?"

"ಹೂಂ ಸರ್."

ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ವಾರದ ನಂತರ ಆದೇಶ ಬಂತು. ಅವಳನ್ನು ಕೆಲಸದಿಂದ ತೆಗೆದಿದ್ದಾರೆ. ಇನ್ನು ಎರಡು ವರ್ಷ ಕಳೆದಿದ್ದರೆ ತಾನಾಗಿಯೇ ನಿವೃತ್ತಿಯಾಗುತ್ತಿದ್ದಳು. ನನ್ನ ವರದಿಯ ಪ್ರತಿಯನ್ನು ಎಲ್ಲ ಕೇಂದ್ರಗಳಿಗೂ ಕಳಿಸಿದ್ದಾರೆ, ಸೋಂಕು ತಡೆಯುವುದು ಹೇಗೆ ಎಂದು ಕಲಿಸುವುದಕ್ಕೆ. ಬಾಕಿ ಹತ್ತು ಕೇಂದ್ರಗಳನ್ನೂ ನಾನು ತಡಕಾಡಿದೆ. ಅಂಥ ಪೆನ್ನು ಇನ್ನೆರಡು ಸಿಕ್ಕವು, ತೆಗೆದುಹಾಕಿದೆ. ಎಲ್ಲ ಕಡೆಯೂ ಈಗ ಸಾಕಷ್ಟು ಸೂಜಿ ಇದೆ. ಎಲ್ಲಿ ಹೋದರೂ ನಾನು ಕೇಳುವುದಕ್ಕೆ ಮುಂಚೆಯೇ ಡಬ್ಬ ತೆಗೆದು ತೋರಿಸುತ್ತಾರೆ, ತೋರಿಸಿ ಬೇರೆ ಕಡೆ ತಿರುಗುತ್ತಾರೆ.

ಹಳೇ ಬಸ್ ನಿಲ್ದಾಣದ ಹಿಂದಿನ ಕೇಂದ್ರಕ್ಕೆ ಹೊಸ ನರ್ಸು ಬಂದಿದ್ದಾಳೆ. ಒಳ್ಳೆಯವಳು, ಚುರುಕು, ಎಲ್ಲ ನಿಯಮದ ಪ್ರಕಾರ. ಆದರೆ ಅರವತ್ತು ಜನ ಬರುತ್ತಿದ್ದ ಜಾಗಕ್ಕೆ ಈಗ ಇಪ್ಪತ್ತೆರಡು ಜನ ಬರುತ್ತಾರೆ. ಉಳಿದವರಿಗೆ ಸೂಜಿ ಎಂದರೆ ಭಯ. ಸಕ್ಕರೆ ಕಾಯಿಲೆ ಮಾತ್ರ ಭಯಪಟ್ಟು ಮನೆ ಬಿಟ್ಟು ಹೋಗುವುದಿಲ್ಲ. ತರಕಾರಿಯ ಹೆಂಗಸಿನ ಕಾಲಿನ ಗಾಯ ಕೊಳೆಯಲು ಶುರುವಾಗಿತ್ತು. ಕೈಹಿಡಿದು ಎಳೆದುಕೊಂಡು ಬಂದೆ. "ಅವರೆಲ್ಲಿ, ಆ ನಗೋ ಸಿಸ್ಟರು?" ಎಂದು ದಾರಿಯುದ್ದಕ್ಕೂ ಕೇಳಿದಳು. ಆ ಪೆನ್ನಿನಿಂದ ಕಾಮಾಲೆ ಅಂಟಿಸಿಕೊಂಡವಳೇ ಕೇಳುತ್ತಾಳೆ ನೋಡು.

ದರ್ಜಿ ತಾತನ ಮನೆಗೂ ಹೋಗಿದ್ದೆ. ಅವರ ಹೆಂಡತಿಗೆ ಲಸಿಕೆಯ ಇನ್ನೊಂದು ಡೋಸು ಹಾಕಬೇಕಿತ್ತು. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಹೊದಿಸಿದ್ದಾರೆ. ಅಜ್ಜಿ ತೋಳು ಚಾಚಿ ಕೂತುಕೊಂಡರು. "ಇದು ಹೊಸಾದ್ದು ತಾನೆ?" ಎಂದು ಕೇಳಿದರು. ಅವರ ಕಣ್ಣೆದುರೇ ಪ್ಯಾಕೆಟ್ಟು ಹರಿದು ತೋರಿಸಿದೆ. ಚುಚ್ಚಿಸಿಕೊಂಡ ಮೇಲೆ ಅಜ್ಜಿ ನನ್ನ ಕೈ ಹಿಡಿದುಕೊಂಡರು. "ನೀವು ಇಲ್ಲದಿದ್ರೆ ಅವರು ಯಾತರಿಂದ ಹೋದ್ರು ಅಂತಲೇ ನಮಗೆ ಗೊತ್ತಾಗ್ತಿರಲಿಲ್ಲ. ನಿಮ್ಮಂಥವರು ಇರಬೇಕಮ್ಮ" ಎಂದರು. ಬಿಡಿಸಿಕೊಳ್ಳಲಾಗಲಿಲ್ಲ. ಅಷ್ಟು ದಿನದ ಮೇಲೆ ಒಬ್ಬರು ನನ್ನ ಕೈ ಮುಟ್ಟಿದ್ದರು. ಹೊರಗೆ ಬಂದು ವ್ಯಾನಿನ ಹಿಂದೆ ನಿಂತು ವಾಂತಿ ಮಾಡಿದೆ. ಡ್ರೈವರು ನೀರಿನ ಬಾಟಲಿ ತಂದುಕೊಟ್ಟ. "ಬಿಸಿಲು" ಎಂದ. ಎರಡು ತಿಂಗಳಲ್ಲಿ ಅವನು ಆಡಿದ ಮೊದಲ ಮಾತು. ಹೌದು, ಬಿಸಿಲು ಎಂದೆ ನಾನೂ.

ನಲ್ಲಿ ಕೊನೆಗೂ ರಿಪೇರಿಯಾಯಿತು, ಬೇರೆಯವನು ಬಂದಿದ್ದ. ನಿನ್ನ ಹಳೇ ಕೊಡೆಯನ್ನು ನಾನು ಬಳಸುತ್ತಿದ್ದೇನೆ. ಊಟದ ಸಾಲಿನಲ್ಲಿ ತಲೆ ತಗ್ಗಿಸಿ ನಿಲ್ಲಬೇಡ ಕಂದ. ನೀನು ತಪ್ಪು ಮಾಡಿಲ್ಲ. ಇವತ್ತಲ್ಲ ನಾಳೆ ಒಬ್ಬಳಾದರೂ ಬಂದು ಪಕ್ಕದಲ್ಲಿ ಕೂರುತ್ತಾಳೆ. ಆರೋಗ್ಯ ನೋಡಿಕೋ. ನಿನಗೆ ಒಳ್ಳೆಯದಾಗಲಿ, ನಿನ್ನ ಕೈ ತಾಗಿದವರಿಗೆಲ್ಲ ಒಳ್ಳೆಯದಾಗಲಿ.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದೇನಲ್ಲ. ಎರಡು ಕಾಗದ ತುಂಬ ಸುತ್ತಿ ಸುತ್ತಿ ಬಂದದ್ದು ಇದನ್ನು ಹೇಳದಿರುವುದಕ್ಕೇ.

ಸೆಪ್ಟೆಂಬರಿನ ಒಂದು ಮಂಗಳವಾರ ಬೆಳಿಗ್ಗೆ ಚಿಕ್ಕಮ್ಮ ನನಗೆ ಫೋನು ಮಾಡಿದ್ದಳು. "ಅಕ್ಕ, ಬಿಸಾಡೋ ಸೂಜಿ ಒಂದೂ ಉಳಿದಿಲ್ಲ. ಕಂಪನಿಯವರು ಕೊಟ್ಟ ಪೆನ್ ಒಂದಿದೆ, ಅದರ ಸೂಜಿ ಒಂದು ರಾಶಿ ಇದೆ. ಏನ್ಮಾಡ್ಲಿ? ಜನರನ್ನ ವಾಪಸ್ ಕಳಿಸ್ಲಾ?" ಎಂದು ಕೇಳಿದಳು. ಆ ವರ್ಷ ನಮ್ಮ ಪ್ರಾಂತ್ಯದಲ್ಲಿ ಒಂದು ದಿನವೂ ಯಾವ ಕ್ಲಿನಿಕ್ಕೂ ಮುಚ್ಚಿರಲಿಲ್ಲ. ಅದನ್ನು ಮೇಲಿನವರಿಗೆ ಬರೆದು ಕಳಿಸುವ ಸಂಭ್ರಮದಲ್ಲಿದ್ದೆ. "ಅರವತ್ತು ಜನ ಬಂದು ಕೂತಿದಾರೆ, ವಾಪಸ್ ಕಳಿಸೋದಾ? ಸೂಜಿ ಬದಲಾಯಿಸಿ, ಸ್ಪಿರಿಟ್ ಒರೆಸಿ, ಹೇಗಾದ್ರೂ ಸುಧಾರಿಸು. ಈ ವಾರದಲ್ಲಿ ಕಳಿಸ್ತೀನಿ" ಎಂದೆ ನಾನು. ನಾನೇ, ಪುಟ್ಟಿ. ಕಳಿಸಲಿಲ್ಲ. ಅವಳು ಆಮೇಲೆ ಎರಡು ಸಲ ನೆನಪಿಸಿದಳು. ಎರಡು ಸಲವೂ ಹೂಂ ಎಂದೆ. ಮುಚ್ಚಳದ ವಿಷಯ ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅದನ್ನು ಕಲಿಸುವುದಕ್ಕೇ ನನಗೆ ಸಂಬಳ ಕೊಡುತ್ತಾರೆ.

ಗಣಿತದ ಟೀಚರ ಮನೆಯ ಮೆಟ್ಟಿಲ ಮೇಲೆ ಎಲ್ಲ ನೆನಪಾಯಿತು. ಆಮೇಲೆ ನಾನು ಮಾಡಿದ್ದೆಲ್ಲ, ಅಷ್ಟು ಜನರೆದುರು ಅವಳನ್ನು ಹಾಗೆ ಕೇಳಿದ್ದೂ, ನೆನಪಿಟ್ಟುಕೊಂಡೇ ಮಾಡಿದ್ದು.

ಮೊನ್ನೆ ಶುಕ್ರವಾರ ಅವಳ ಮನೆಗೆ ಹೋದೆ. ಬಾಗಿಲು ತೆರೆದಳು, ಒಳಗೆ ಬಾ ಅನ್ನಲಿಲ್ಲ. ಯಾಕೆ ಹಾಗೆ ಹೇಳಿದೆ, ನನ್ನ ಹೆಸರು ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನೀನಾಗೇ ಹೇಳ್ತೀಯ ಅಂದ್ಕೊಂಡಿದ್ದೆ. ವರದಿಯಲ್ಲಿ ಬರೀತೀಯ ಅಂದ್ಕೊಂಡೆ, ಬರೀಲಿಲ್ಲ. ಆ ಕೋಣೆಯಲ್ಲಾದ್ರೂ ಹೇಳ್ತೀಯ ಅಂದ್ಕೊಂಡೆ" ಎಂದಳು. ಬಾಗಿಲ ಚಿಲಕ ಹಿಡಿದುಕೊಂಡೇ, "ಪುಟ್ಟಿ ಈಗಷ್ಟೇ ಕೆಲಸಕ್ಕೆ ಸೇರಿದಾಳೆ. ಅವಳಿಗೆ ಅಮ್ಮ ಅಂದ್ರೆ ದೊಡ್ಡದು. ಅದನ್ನ ನಾನ್ಯಾಕೆ ಕೆಡಿಸ್ಲಿ, ಆ ಮಗೂನ ನಾನೂ ಎತ್ತಿ ಆಡಿಸಿದೀನಿ" ಎಂದಳು. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ನಿನ್ನೆ ದೊಡ್ಡ ಡಾಕ್ಟರಿಗೆ ಎಲ್ಲವನ್ನೂ ಬರೆದುಕೊಟ್ಟೆ. ಓದಿ ಕನ್ನಡಕ ತೆಗೆದಿಟ್ಟು ಬಹಳ ಹೊತ್ತು ಕಣ್ಣುಜ್ಜಿಕೊಂಡರು. "ವಿಚಾರಣೆ ಮತ್ತೆ ತೆಗೀಬೇಕಾಗುತ್ತೆ. ಅವರ ವಿಷಯ ಏನಾಗುತ್ತೋ ಈಗಲೇ ಹೇಳಲಾರೆ. ನೀವು ಸೋಮವಾರದಿಂದ ಮನೇಲಿರಿ" ಎಂದರು. ದರ್ಜಿ ತಾತನ ಹೆಂಡತಿಗೆ ನಾನೇ ಹೋಗಿ ಹೇಳಬೇಕು. ನಾಳೆ ಹೋಗುತ್ತೇನೆ. ಲಸಿಕೆಯ ಪೆಟ್ಟಿಗೆ ಇಲ್ಲದೆ, ಕೇಳುವ ಪ್ರಶ್ನೆಗಳೂ ಇಲ್ಲದೆ ಆ ಮನೆಗೆ ಮೊದಲ ಸಲ ಹೋಗುತ್ತಿರುವುದು.

ನನ್ನ ಹಾಗೆ ಮಾಡಿದೆ ಎಂದು ಬರೆದಿದ್ದೀಯ. ಇಲ್ಲ ಕಂದ, ನೀನು ಮಾಡಿದ್ದನ್ನು ನಾನು ಮಾಡಲಿಲ್ಲ. ದಿಂಬಿನ ಕೆಳಗಿನ ಆ ಕಾಗದ ತೆಗೆದುಬಿಡು.

ಇದನ್ನು ಓದಿದ ಮೇಲೆ ನನಗೆ ಬರೆಯಲು ಕೂರಬೇಡ, ಫೋನೂ ಮಾಡಬೇಡ. ಮೊದಲು ಚಿಕ್ಕಮ್ಮನಿಗೆ ಬರೆ. ನಿನ್ನ ಅಕ್ಷರ ಕಂಡರೆ ಅವಳು ಲಕೋಟೆ ಒಡೆಯುತ್ತಾಳೆ. ನನಗೆ ಬರೆಯಬೇಕು ಅನ್ನಿಸಿದರೆ ಆಮೇಲೆ ಬರೆ. ಎಷ್ಟು ತಡವಾದರೂ ಸರಿ, ನಾನು ಮನೆಯಲ್ಲೇ ಇರುತ್ತೇನೆ.